ಇದ್ಯಾರ ಮನೆ ಅಡುಗೆಮನೆ?

ಅಜ್ಜಿಯ ವರ್ಷದ ತಿಥಿಗೆ ಒಂದು ಫೋಟೋ ಫ್ರೇಮ್ ಹಾಕಿಸಬೇಕಿತ್ತು. ಊರಿನ ಅಡುಗೆಮನೇಲಿ ಒಲೆ ಮುಂದೆ ಕೂತಿದ್ದಾಗ ತೆಗೆದ ರಾ ಫೈಲ್ ಹುಡುಕಿದೆ. (ಜೆಪೆಗ್ ಅಂದ್ರೆ ಕ್ಯಾಮೆರಾನೇ ಮಾಡಿಕೊಟ್ಟ ಅನ್ನ, ರಾ ಅಂದ್ರೆ ಅಕ್ಕಿ. ಬೇಯಿಸೋದು ನಮ್ಮ ಹಣೆಬರಹ.) ಆ ಕೋಣೆಗೆ ಬೆಳಕು ಬರೋದು ಒಂದು ಗಾಜಿನ ಹೆಂಚಿಂದ, ಇಲ್ಲಾ ಒಲೆಯಿಂದ. ಫೋಟೋ ಕತ್ತಲಾಗಿತ್ತು. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋಶರ್ ಪ್ಲಸ್ ಎರಡು, ಶ್ಯಾಡೋಸ್ ಪೂರ್ತಿ ಬಲಕ್ಕೆ. ಮಸಿ ಗೋಡೆ, ನೆಲುವು, ಮೂಲೆಯ ಡಬ್ಬಗಳು ಎಲ್ಲಾ ಎದ್ದು ಕಂಡವು. ಖುಷಿಯಿಂದ ಅಮ್ಮನಿಗೆ ಕಳಿಸಿದೆ.

"ಇದ್ಯಾರ ಮನೇಲಿ ಕೂತಿದಾಳೋ ಅಜ್ಜಿ?" ಅಂದ್ಲು.

ಪ್ಲಸ್ ಒಂದು ಅಂದ್ರೆ ಬೆಳಕು ಎರಡರಷ್ಟು, ಪ್ಲಸ್ ಎರಡು ಅಂದ್ರೆ ನಾಲ್ಕರಷ್ಟು. 14 ಬಿಟ್ ರಾ ಫೈಲಿನಲ್ಲಿ 16,384 ಹಂತಗಳಿದ್ದರೆ ಅದರಲ್ಲಿ ಅರ್ಧ, 8,192, ಅತಿ ಪ್ರಕಾಶದ ಒಂದೇ ಸ್ಟಾಪಿನ ಪಾಲು. ಮುಂದಿನದಕ್ಕೆ 4,096. ಹೀಗೇ ಇಳಿಯುತ್ತಾ ಹೋಗಿ ಕತ್ತಲಿಗೆ ಸಿಗೋದು ಚಿಲ್ಲರೆ. ಅಲ್ಲಿ ಬಿದ್ದ ಬೆಳಕೇ ಕಡಿಮೆ, ಹಾಗಾಗಿ ಎತ್ತಿದಾಗ ಮುಖದ ಜೊತೆ ಕಾಳುಕಾಳು ನಾಯ್ಸೂ ಎದ್ದು ಬರುತ್ತೆ. ಆದ್ರೆ ನನ್ನ ತಕರಾರು ಅದಲ್ಲ. ನಾಯ್ಸ್ ಒರೆಸೋಕೆ ಸಾಫ್ಟ್‌ವೇರ್ ಇದೆ. ಹಿಸ್ಟೋಗ್ರಾಮಿನ ಗುಡ್ಡ ಮಧ್ಯಕ್ಕೆ ಬಂದ್ರೆ, ಮೂಲೆಮೂಲೆಯೂ ಕಂಡ್ರೆ ಫೋಟೋ ಸರಿಯಾಯ್ತು ಅಂದ್ಕೋತೀವಲ್ಲ, ಆ ಅಭಿರುಚಿಯ ಮೇಲೆ ನನ್ನ ಸಿಟ್ಟು. ನನ್ನ ಫೋಟೋದಲ್ಲಿ ಒಲೆಯ ಉರಿ ಬಿಳಿ ಕಾಗದದ ಚೂರಾಗಿತ್ತು. ಉರಿಯೇ ಬೆಳಕು ಕೊಡ್ತಿಲ್ಲ ಅಂದ್ಮೇಲೆ ಅದು ನಮ್ಮನೆ ಹೇಗಾಗುತ್ತೆ?

ಹಾಗಂತ ತಿದ್ದಲೇಬಾರದು ಅನ್ನೋ ಮಡಿವಂತಿಕೆಯೂ ನನಗಿಲ್ಲ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ. ಅವಸರದಲ್ಲಿ ಲೈಟ್ ಮೀಟರ್ ಕೈಗೆ ಸಿಗಲಿಲ್ಲ, ಚಂದ್ರನ ಪ್ರಕಾಶ ಎಷ್ಟು ಅಂತ ನೆನಪಿತ್ತು, ಅದರಿಂದಲೇ ಎಕ್ಸ್‌ಪೋಶರ್ ಲೆಕ್ಕ ಹಾಕಿದ. ಆಮೇಲೆ ದಶಕಗಟ್ಟಲೆ ಅದೇ ನೆಗೆಟಿವ್‌ನಿಂದ ಪ್ರಿಂಟ್ ಹಾಕಿದ. ಮೊದಮೊದಲ ಪ್ರಿಂಟುಗಳ ಆಕಾಶದಲ್ಲಿ ತೆಳು ಮೋಡ ಕಾಣುತ್ತೆ, ನಂತರದವುಗಳಲ್ಲಿ ಅಲ್ಲಿ ಹೆಚ್ಚುಕಮ್ಮಿ ಬರೀ ಕಪ್ಪು. ನೆಗೆಟಿವ್‌ನಲ್ಲಿ ಇದ್ದದ್ದನ್ನೇ ಬೇಕಂತ ಮುಚ್ಚಿದ. ಕೆಳಗಿನ ಸಮಾಧಿಯ ಶಿಲುಬೆಗಳು ಹೊಳೆಯೋದು ಆ ಕಪ್ಪಿನ ಎದುರಿಗೇ. ನಾವೋ, ಇದ್ದಬದ್ದದ್ದೆಲ್ಲಾ ಹೊರಗೆಳೆದು ಅಂಗಡಿ ಹಾಕ್ತೀವಿ.

ಕ್ಯಾಮೆರಾ ಕೊಟ್ಟ ಕತ್ತಲೂ ಪೂರ್ತಿ ನಿಜ ಅಲ್ಲ, ಬಿಡಿ. ಆ ಕೋಣೇಲಿ ಐದು ನಿಮಿಷ ಕೂತ್ರೆ ಕಣ್ಣು ಹೊಂದಿಕೊಳ್ಳುತ್ತೆ, ಅಜ್ಜಿ ಮುಖ ಕಾಣುತ್ತೆ. ನೆಲುವು ಮಾತ್ರ ಯಾವತ್ತೂ ಕಂಡಿದ್ದಿಲ್ಲ, ತಲೆಗೆ ಬಡಿದಾಗಲೇ ಗೊತ್ತಾಗೋದು! ಎಕ್ಸ್‌ಪೋಶರ್ 0.6ಕ್ಕೆ ಇಳಿಸಿದೆ, ಶ್ಯಾಡೋಸ್ ಸೊನ್ನೆಗೆ. ಮುಖದ ಮೇಲೆ ಮಾತ್ರ ಬ್ರಷ್‌ನಿಂದ ಸ್ವಲ್ಪ ಎತ್ತಿದೆ. ಉರಿಗೆ ಮತ್ತೆ ಕೆಂಪು ಬಂತು.

ಅಮ್ಮನಿಗೆ ಮತ್ತೆ ಕಳಿಸಿದೆ. ತುಂಬಾ ಹೊತ್ತು ಉತ್ತರ ಇಲ್ಲ. ಆಮೇಲೆ, "ಹೂಂ, ಇವಳೇ. ಮುಖ ಒಂಚೂರು ಬೆಳ್ಳಗೆ ಮಾಡಕ್ಕಾಗಲ್ವೇನೋ?" ಅಂತ ಬಂತು.

ಅದೊಂದು ಮಾಡಲಿಲ್ಲ. ಪ್ರಿಂಟಿಗೆ ಹಾಗೇ ಕಳಿಸಿದೆ.