ದೀರ್ಘರಾತ್ರಿಯ ಸಾಮಾಯಿಕ: ಅಮಿತಗತಿ ಆಚಾರ್ಯರ ಭಾವನಾ ದ್ವಾತ್ರಿಂಶಿಕೆ – ಒಂದು ವಿಮರ್ಶೆ

ಮಾರ್ಗಶಿರವು ಮುಗಿದು ಪುಷ್ಯಮಾಸವು ಕಾಲಿರಿಸುವ ದಿನಗಳಲ್ಲಿ ಹಗಲು ಕುಗ್ಗಿ ಇರುಳು ಹಿಗ್ಗುತ್ತದೆ. ಡಿಸೆಂಬರ್ 21-22ರ ಸುಮಾರಿಗೆ ನಮ್ಮ ಬೆಳಗಾವಿ-ಧಾರವಾಡಗಳ ಸೀಮೆಯಲ್ಲಿ ರಾತ್ರಿಯು ಹೆಚ್ಚುಕಡಿಮೆ 13 ಗಂಟೆಗಳಷ್ಟು ದೀರ್ಘವಾಗಿರುತ್ತದೆ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಶ್ರಾವಕರ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಅಡುಗೆಮನೆಯ ಕೆಲಸ ಮುಗಿದು, ಮುಂದೆ ದೀರ್ಘವಾದ ಸಂಜೆಯೊಂದು ಉಳಿಯುತ್ತದೆ. ಪಾರ್ಶ್ವನಾಥ ತೀರ್ಥಂಕರರ ಜನ್ಮ ಹಾಗೂ ತಪಃಕಲ್ಯಾಣಗಳ ತಿಥಿಯಾದ ಪೌಷ ಕೃಷ್ಣ ಏಕಾದಶಿ, ನಮ್ಮ ಪಂಚಾಂಗದಂತೆ ಮಾರ್ಗಶಿರ ಬಹುಳ ಏಕಾದಶಿ, ಬರುವುದೂ ಈ ಕತ್ತಲೆಯ ದಿನಗಳಲ್ಲಿಯೇ. ಇಂತಹ ಇರುಳಿನಲ್ಲಿ ಮನುಷ್ಯನು ತನ್ನೊಡನೆ ತಾನು ಕುಳಿತಾಗ ಏನನ್ನು ಓದಬೇಕು, ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ನಮ್ಮಲ್ಲಿ ‘ಸಾಮಾಯಿಕ ಪಾಠ’ವೆಂದು ರೂಢಿಯಲ್ಲಿರುವ ಭಾವನಾ ದ್ವಾತ್ರಿಂಶಿಕೆಯು ಅಮಿತಗತಿ ಆಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ವಿಕ್ರಮ ಸಂವತ್ 1050ರಲ್ಲಿ ಸುಭಾಷಿತರತ್ನಸಂದೋಹವನ್ನೂ 1070ರಲ್ಲಿ ಧರ್ಮಪರೀಕ್ಷೆಯನ್ನೂ ರಚಿಸಿದ ಈ ಆಚಾರ್ಯರು ಕನ್ನಡಿಗರಿಗೆ ಅಪರಿಚಿತರಲ್ಲ. 14ನೆಯ ಶತಮಾನದ ವೃತ್ತವಿಲಾಸನ ಕನ್ನಡ ಧರ್ಮಪರೀಕ್ಷೆಗೆ ಇವರ ಸಂಸ್ಕೃತ ಕೃತಿಯೇ ಆಧಾರ. ಆ ಗ್ರಂಥದಲ್ಲಿ ಪರಮತದ ಪುರಾಣಗಳನ್ನು ನಿಷ್ಠುರವಾಗಿ ಪರೀಕ್ಷಿಸುವ ಲೇಖನಿಯು ಈ ಚಿಕ್ಕ ಕೃತಿಯಲ್ಲಿ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ.

ಕೃತಿಯ ಕ್ರಮವನ್ನು ಗಮನಿಸಬೇಕು. ಆರಂಭದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಿವೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಭಾವನೆಗಳೇ ಇವು. ಅನಂತರ ಒರೆಯಿಂದ ಖಡ್ಗವನ್ನು ಹಿರಿದಂತೆ ದೇಹದಿಂದ ಆತ್ಮನನ್ನು ಬೇರೆಯಾಗಿ ಅರಿಯುವ ಶಕ್ತಿಗಾಗಿ ಪ್ರಾರ್ಥನೆ. ಆಮೇಲೆ ಪ್ರಮಾದದಿಂದ ನಡೆದಾಡುವಾಗ ಏಕೇಂದ್ರಿಯಾದಿ ಜೀವಿಗಳಿಗೆ ಆದ ನೋವಿನ ಸ್ಮರಣೆ. ಅದರ ತರುವಾಯ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ದೋಷದ ನಾಲ್ಕು ಮೆಟ್ಟಿಲುಗಳ ವಿವೇಚನೆ. ಮನಸ್ಸಿನ ಶುದ್ಧಿ ಕೆಡುವುದು ಮೊದಲನೆಯದು, ಶೀಲದ ಬೇಲಿಯನ್ನು ದಾಟುವುದು ಎರಡನೆಯದು, ವಿಷಯಗಳಲ್ಲಿ ತೊಡಗುವುದು ಮೂರನೆಯದು, ಅವುಗಳಲ್ಲಿ ಅತಿಯಾಗಿ ಆಸಕ್ತನಾಗುವುದು ಕಡೆಯದು. ತಪ್ಪೆಲ್ಲವೂ ಒಂದೇ ತೂಕದ್ದಲ್ಲವೆಂಬ ಈ ತಾರತಮ್ಯಜ್ಞಾನವು ಕೃತಿಯ ದೊಡ್ಡ ಗುಣ. ತನ್ನನ್ನು ಸಂಪೂರ್ಣವಾಗಿ ಪಾಪಿಯೆಂದು ಹಳಿದುಕೊಳ್ಳುವುದು ಸುಲಭ. ಯಾವ ಮೆಟ್ಟಿಲಿನಲ್ಲಿ ಕಾಲು ಜಾರಿತೆಂದು ಗುರುತಿಸುವುದು ಕಷ್ಟ.

ಆದರೂ ಈ ಕೃತಿಯ ವಿಷಯದಲ್ಲಿ ನನಗೆ ಬಹುಕಾಲ ಒಂದು ಆಕ್ಷೇಪವಿತ್ತು. ಇಲ್ಲಿ ದೋಷವನ್ನು ಜಿನೇಶ್ವರನ ಮುಂದೆ ನಿವೇದಿಸಿ, ಅದು ಮಿಥ್ಯೆಯಾಗಲೆಂದು ಬೇಡುತ್ತೇವೆ. ನೊಂದವನ ಮನೆಯ ಬಾಗಿಲಿಗೆ ಹೋಗೆಂದು ಯಾವ ಶ್ಲೋಕವೂ ಹೇಳುವುದಿಲ್ಲ. ಹಾಗಾದರೆ ಇದು ಸಾಲಗಾರನು ತನ್ನ ಸಾಲವನ್ನು ತಾನೇ ವಜಾ ಮಾಡಿಕೊಂಡಂತೆ ಆಗುವುದಿಲ್ಲವೇ?

ಈ ಆಕ್ಷೇಪವು ಗ್ರಂಥದಿಂದ ಹುಟ್ಟಿದ್ದಲ್ಲ, ನನ್ನ ಅಂಗಡಿಯಿಂದ ಹುಟ್ಟಿದ್ದು. ಹಲವು ವರ್ಷಗಳ ಹಿಂದೆ ಲೆಕ್ಕದಲ್ಲಿ ಹಣ ತಾಳೆಯಾಗದಿದ್ದಾಗ ನನ್ನ ಗುಮಾಸ್ತರೊಬ್ಬರ ಮೇಲೆ ಸಂಶಯಪಟ್ಟು ಅವರನ್ನು ಕೆಲಸದಿಂದ ಬಿಡಿಸಿದೆನು. ಅವರು ಒಂದು ಮಾತನ್ನೂ ಎದುರಾಡಲಿಲ್ಲ. ನಾನದನ್ನು ಅಪರಾಧದ ಲಕ್ಷಣವೆಂದು ತಿಳಿದೆನು. ಮುಂದೊಂದು ಚಳಿಗಾಲದ ರಾತ್ರಿ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವಾಗ ಆ ವರ್ಷದ ಕಿರ್ದಿ ಕೈಗೆ ಬಂತು. ಒಬ್ಬ ಗಿರಾಕಿಗೆ ಕೊಟ್ಟ ಮೊತ್ತವನ್ನು ಕಿರ್ದಿಯಿಂದ ಖಾತೆಗೆ ಏರಿಸುವಾಗ ಬೇರೊಬ್ಬನ ಹೆಸರಿಗೆ ಬರೆಯಲಾಗಿತ್ತು. ಬರೆದ ಅಕ್ಷರ ನನ್ನದೇ. ವಾಣಿಜ್ಯ ಪದವಿ ಪಡೆದವನೆಂಬ ಹೆಮ್ಮೆಯುಳ್ಳ ನನ್ನದೇ! ಆ ರಾತ್ರಿಯೂ ಸಾಮಾಯಿಕ ಪಾಠವನ್ನು ಓದಿದೆನು. ಮೂವತ್ತು ವರ್ಷ ಬಾಯಿಪಾಠವಾಗಿದ್ದ ಶ್ಲೋಕಗಳು ಗಂಟಲಿನಲ್ಲಿಯೇ ನಿಂತವು.

ನಿಂತ ಸ್ಥಳ ಏಳನೆಯ ಶ್ಲೋಕ. ವೈದ್ಯನು ಮಂತ್ರಬಲದಿಂದ ವಿಷವನ್ನು ಇಳಿಸುವಂತೆ ಪಾಪವನ್ನು ನಾಶಮಾಡುತ್ತೇನೆಂದು ಹೇಳುವ ಆ ಶ್ಲೋಕದಲ್ಲಿ ನಿಂದನ, ಆಲೋಚನ, ಗರ್ಹಣಗಳೆಂಬ ಮೂರು ಸಾಧನಗಳಿವೆ. ಇವು ಪರ್ಯಾಯಪದಗಳೆಂದು ಭಾವಿಸಿ ಮುಂದೆ ಸಾಗುತ್ತಿದ್ದೆನು. ಆದರೆ ನಮ್ಮ ಪರಂಪರೆಯು ಸ್ಪಷ್ಟವಾದ ಭೇದವನ್ನು ಮಾಡಿದೆ. ಆತ್ಮಸಾಕ್ಷಿಯಾಗಿ ಮಾಡುವುದು ನಿಂದೆ. ಗುರುಸಾಕ್ಷಿಯಾಗಿ ಮಾಡುವುದು ಗರ್ಹೆ. ದೋಷವನ್ನು ಮರೆಮಾಚದೆ ಇದ್ದಂತೆ ಪ್ರಕಟಿಸುವುದು ಆಲೋಚನೆ. ಅಂದಮೇಲೆ ಆಚಾರ್ಯರ ಔಷಧದಲ್ಲಿ ಮೂರು ಮೂಲಿಕೆಗಳಿರುವಾಗ ನಾನು ಒಂದನ್ನೇ ಅರೆದು ಕುಡಿಯುತ್ತಿದ್ದೆನು. ಎರಡನೆಯ ಸಾಕ್ಷಿಯಿಲ್ಲದೆ ಲೆಕ್ಕವು ಇತ್ಯರ್ಥವಾಗದೆಂದು ಗ್ರಂಥವೇ ಹೇಳುತ್ತಿತ್ತು. ನನ್ನ ಆಕ್ಷೇಪವು ಬಹುಮಟ್ಟಿಗೆ ನನ್ನ ಅವಸರದ ಓದಿನ ಮೇಲಿನ ಆಕ್ಷೇಪವಾಗಿತ್ತು.

ಮರುವಾರವೇ ಆ ಗುಮಾಸ್ತರ ಊರಿಗೆ ಹೋದೆನು. ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಕಿರ್ದಿಯ ಪುಟವನ್ನು ಅವರ ಮಗನ ಮುಂದಿಟ್ಟು ನಡೆದುದನ್ನು ಹೇಳಿದೆನು. ಆತನು ಬಹಳ ಹೊತ್ತು ಪುಟವನ್ನೇ ನೋಡಿ, “ಇದನ್ನ ನಮ್ಮವ್ವಗ ಓದಿ ಹೇಳ್ರಿ, ಸಾವ್ಕಾರ್ರ” ಎಂದನು. ಓದಿ ಹೇಳಿದೆನು. ಆ ತಾಯಿ ಕ್ಷಮಿಸಿದೆನೆಂದು ಹೇಳಲಿಲ್ಲ, ಕ್ಷಮಿಸೆನೆಂದೂ ಹೇಳಲಿಲ್ಲ. ಬಾಕಿಯ ಸಂಬಳವನ್ನು ಒಪ್ಪಿಸಿ ಬಂದೆನು. ಹೋದ ಮಾನಕ್ಕೆ ಜಮೆಯ ಕಲಮಿಲ್ಲ.

ಇಂದು ‘ನಿನ್ನನ್ನು ನೀನು ಒಪ್ಪಿಕೋ’ ಎಂಬ ಉಪದೇಶವು ಎಲ್ಲೆಡೆ ಕೇಳಿಬರುತ್ತಿದೆ. ಒಪ್ಪಿಕೊಳ್ಳುವುದೆಂದರೆ ತನ್ನನ್ನು ಸರಿಯೆಂದು ಮೆಚ್ಚಿಕೊಳ್ಳುವುದೆಂದು ಹಲವರು ಭಾವಿಸುತ್ತಾರೆ. ಕನ್ನಡದಲ್ಲಿ ‘ತಪ್ಪೊಪ್ಪಿಗೆ’ಯಲ್ಲಿಯೂ ‘ಒಪ್ಪು’ ಇದೆ. ಅಂದವೆಂಬ ಅರ್ಥದಲ್ಲಿಯೂ ‘ಒಪ್ಪು’ ಇದೆ. ಮೊದಲನೆಯದನ್ನು ಬಿಟ್ಟು ಎರಡನೆಯದು ದೊರೆಯದು. ದ್ವಾತ್ರಿಂಶಿಕೆಯ ಕೊನೆಯ ಭಾಗವು ಇದನ್ನೇ ಸ್ಥಾಪಿಸುತ್ತದೆ: ತಾನು ಹಿಂದೆ ಮಾಡಿದ ಕರ್ಮದ ಫಲವನ್ನು ತಾನೇ ಪಡೆಯುತ್ತಾನೆ; ಪರರು ಕೊಡುವುದಾದರೆ ತನ್ನ ಕರ್ಮವೇ ನಿರರ್ಥಕವಾದೀತು. ಈ ಮಾತು ಕಠೋರವೆಂದು ತೋರಿದರೂ ಅದರಲ್ಲಿ ಸಾಂತ್ವನವಿದೆ. ಕರ್ಮವು ನನ್ನದು, ನಿಜ. ಆದರೆ ಅದು ನಾನಲ್ಲ. ಖಡ್ಗವು ಒರೆಯಲ್ಲ. ಆದುದರಿಂದ ಆತ್ಮಪ್ರಶಂಸೆಯೂ ಬೇಡ, ಆತ್ಮತಿರಸ್ಕಾರವೂ ಬೇಡ. ವಿಪರೀತ ವೃತ್ತಿಯುಳ್ಳ ಪರರಲ್ಲಿ ಮಾಧ್ಯಸ್ಥ್ಯವನ್ನು ತಾಳಬೇಕೆಂಬ ಮೊದಲ ಶ್ಲೋಕದ ಭಾವನೆಯನ್ನು ತನ್ನ ವಿಷಯದಲ್ಲಿಯೂ ತಾಳುವುದೇ ನಿಜವಾದ ಆತ್ಮಸ್ವೀಕಾರವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಗ್ರಂಥದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಗರ್ಹೆಯ ಸಾಕ್ಷಿ ಗುರುವೇ ಹೊರತು ನೊಂದವನಲ್ಲ; ಒಂದು ಪದದಲ್ಲಿ ಅಡಗಿದ ಇಷ್ಟು ದೊಡ್ಡ ಹೊಣೆಯು ಗೃಹಸ್ಥನ ಕಣ್ಣಿಗೆ ಬೀಳುವುದೂ ಕಷ್ಟ. ಇದನ್ನು ಪ್ರತಿಕ್ರಮಣದ ಕ್ಷಮಾಪನೆಯೊಡನೆ ಸೇರಿಸಿ ಓದಿದಾಗಲೇ ಶ್ರಾವಕಧರ್ಮವು ಪೂರ್ಣವಾಗುತ್ತದೆ. ಪಾಠದ ಪುಸ್ತಿಕೆಗಳನ್ನು ಅಚ್ಚುಹಾಕಿಸಿ ಹಂಚುವ ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿಜ್ಞಾಪನೆ: ದಾನಿಗಳ ಭಾವಚಿತ್ರಕ್ಕೆ ಮೀಸಲಿಡುವ ಪುಟದಲ್ಲಿ ಈ ಮೂರು ಪದಗಳ ಅರ್ಥವನ್ನು ಅಚ್ಚುಹಾಕಿಸಿರಿ.

ಮನೆಯವರಾದರೂ ಈ ದೀರ್ಘರಾತ್ರಿಗಳಲ್ಲಿ ಮೂವತ್ತೆರಡು ಶ್ಲೋಕಗಳನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕಿಲ್ಲ. ಒಂದು ರಾತ್ರಿಗೆ ಒಂದು ಶ್ಲೋಕ ಸಾಕು. ಯಾವ ಪದದ ಬಳಿ ಗಂಟಲು ಕಟ್ಟುವುದೋ ಅಲ್ಲಿ ನಿಲ್ಲಬೇಕು. ಬೆಳಗಾದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ಅಲ್ಲಿ ತಿಳಿಯುತ್ತದೆ.