ಪೋಸ್ಟರ್ ಇಲ್ಲದ ಪ್ರಸಂಗಗಳು

ಟಿವಿಯಲ್ಲಿ ವೀಡಿಯೊ, ಹಾಡು ಹಾಕಿಕೊಳ್ಳುವ ತಂತ್ರಾಂಶವಾದ ಕೋಡಿಗೆ ಯಾವ ಸ್ಕಿನ್ ಹಾಕಲಿ ಎಂದು ಯಾರನ್ನು ಕೇಳಿದರೂ ಏಯಾನ್ ನಾಕ್ಸ್ ಎನ್ನುತ್ತಾರೆ, ಇಲ್ಲವೇ ಆರ್ಕ್ಟಿಕ್ ಝೆಫಿರ್ ಎನ್ನುತ್ತಾರೆ. ‘ಹತ್ತು ಅತ್ಯುತ್ತಮ ಸ್ಕಿನ್‌ಗಳು’ ಎಂದು ವರ್ಷವರ್ಷವೂ ಪಟ್ಟಿ ಮಾಡುವವರು ಈ ಎರಡನ್ನು ಬಿಟ್ಟದ್ದನ್ನು ನಾನು ಕಂಡಿಲ್ಲ. ಎರಡೂ ಕೋಡಿಯ ಅಧಿಕೃತ ರೆಪೊಸಿಟರಿಯಲ್ಲೇ ಸಿಗುತ್ತವೆ. ಹಾಗಾಗಿ ಅವುಗಳ ಬೆನ್ನಿಗೆ ‘ಪರೀಕ್ಷೆ ಪಾಸಾದದ್ದು’ ಎಂಬ ಮುದ್ರೆಯೂ ಇದೆ. ನನ್ನ ತಕರಾರು ಇರುವುದು ಆ ಹೊಗಳಿಕೆಯ ಬಗ್ಗೆ ಮತ್ತು ಅದಕ್ಕಿಂತ ಹೆಚ್ಚಾಗಿ ಆ ಮುದ್ರೆಯ ಬಗ್ಗೆ.

ಎಕ್ಸ್‌ಬಿಎಂಸಿ 2014ರಲ್ಲಿ ಹೆಸರು ಬದಲಿಸಿಕೊಂಡು ಕೋಡಿಯಾದದ್ದು, ಕಳ್ಳಪ್ರತಿ ತೋರಿಸುವ ಆಡ್‌ಆನ್‌ಗಳಿಂದ ಅದರ ಹೆಸರು ಕೆಟ್ಟದ್ದು, ಇವೆಲ್ಲ ಗೊತ್ತಿರುವ ಸಂಗತಿಗಳು. ಗೊತ್ತಿಲ್ಲದವರಿಗೆ ಒಂದೇ ಮಾತು: ಸ್ಕಿನ್ ಎಂದರೆ ಬರೀ ಬಣ್ಣವಲ್ಲ. ಟಿವಿಯ ಮೇಲೆ ಎಲ್ಲಿ ಪಟ್ಟಿ ಬರಬೇಕು, ಎಲ್ಲಿ ಚಿತ್ರ ಬರಬೇಕು, ಯಾವ ಅಕ್ಷರ ಎಷ್ಟು ದಪ್ಪ ಇರಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಎಕ್ಸ್ಎಂಎಲ್ ಫೈಲುಗಳ ಗಂಟು ಅದು.

ಸ್ಕಿನ್‌ಗಳನ್ನು ತೂಗಲು ಎಲ್ಲರೂ ಹಾಲಿವುಡ್ ಸಿನಿಮಾಗಳ ಸಂಗ್ರಹವನ್ನು ಇಟ್ಟುಕೊಳ್ಳುತ್ತಾರೆ. ನಾನು ಇಟ್ಟುಕೊಂಡದ್ದು ಮರವಂತೆಯಿಂದ ಬೈಂದೂರಿನವರೆಗೆ ಯಾವ ಮನೆಗೆ ಹೋದರೂ ಸಿಗಬಹುದಾದ ಹಾರ್ಡ್ ಡಿಸ್ಕನ್ನು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ನಮ್ಮ ಕಡೆ ನೋಡುವುದು ಅದನ್ನೇ: ಇಡೀ ರಾತ್ರಿಯ ಆಟಗಳನ್ನು ಮೂರು ನಾಲ್ಕು ತುಂಡು ಮಾಡಿ ತುಂಬಿಸಿದ್ದು, ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ಟುಗಳಿಂದ ಎಂಪಿ3 ಆದ ಪದ್ಯಗಳು, ಯಾರದೋ ಮದುವೆ, ಯಾರದೋ ಗೃಹಪ್ರವೇಶ. ‘ಕೃಷ್ಣಾರ್ಜುನ ಕಾಳಗ’ಕ್ಕೆ ಪೋಸ್ಟರ್ ಇಲ್ಲ. ‘ಭೀಷ್ಮ ವಿಜಯ’ಕ್ಕೂ ಇಲ್ಲ. ಕೋಡಿ ಚಿತ್ರಗಳನ್ನು ಹುಡುಕಿ ತರುವ ಸಿನಿಮಾ ದತ್ತಸಂಚಯಗಳಿಗೆ ಊರಿನ ಬಯಲಾಟದ ರೆಕಾರ್ಡಿಂಗ್ ಗೊತ್ತಿರಬೇಕಾದ ಕಾರಣವೂ ಇಲ್ಲ.

ಈ ಡಿಸ್ಕನ್ನು ಏಯಾನ್ ನಾಕ್ಸ್‌ನ ಪೋಸ್ಟರ್ ಗೋಡೆಯ ನೋಟದಲ್ಲಿ ತೆರೆದರೆ ಕಾಣುವುದು ಸಾಲುಸಾಲು ಖಾಲಿ ಚೌಕಗಳು. ‘ಇದೆಂತ ಮಾರಾಯ?’ ಎಂದು ಮನೆಯ ಹಿರಿಯರು ಕೇಳದೆ ಇರುವುದಿಲ್ಲ. ಚಿತ್ರ ಇಲ್ಲದ ಕಡೆ ಹೆಸರೇ ಕೆಲಸ ಮಾಡಬೇಕು. ಆ ಹೆಸರು ಚೌಕದ ಕೆಳಗೆ ಸಣ್ಣದಾಗಿಯೋ, ಫೋಕಸ್ ಬಂದಾಗ ಮಾತ್ರವೋ ಕಾಣಿಸುತ್ತದೆ. ಹಾಗೆಂದು ಏಯಾನ್ ನಾಕ್ಸ್ ಕೆಟ್ಟ ಕೆಲಸವಲ್ಲ. ಹಿನ್ನೆಲೆಯ ದೊಡ್ಡ ಚಿತ್ರವನ್ನು ಅದು ಬಳಸಿಕೊಳ್ಳುವ ರೀತಿ ಚಂದ. ನೋಟ ಬದಲಿಸಿಕೊಳ್ಳಲು ಬೇಕಾದಷ್ಟು ಆಯ್ಕೆ ಇದೆ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಈಗ ರೆಪೊಸಿಟರಿಗೆ ಬರೋಣ. 2010ರ ಕೊನೆಗೆ ಬಂದ ಹತ್ತನೇ ಆವೃತ್ತಿ ‘ಧರ್ಮ’ದಿಂದ ಆಡ್‌ಆನ್ ವ್ಯವಸ್ಥೆ ನಡೆಯುತ್ತಿದೆ. ಸ್ಕಿನ್ ಮಾಡಿದವರು ಗಿಟ್‌ಹಬ್‌ನಲ್ಲಿ ಸ್ಕಿನ್‌ಗಳಿಗೆಂದೇ ಇರುವ ಭಂಡಾರಕ್ಕೆ, ತಮ್ಮ ಕೋಡಿ ಆವೃತ್ತಿಯ ಹೆಸರಿನ ಶಾಖೆಗೆ, ಪುಲ್ ರಿಕ್ವೆಸ್ಟ್ ಕಳಿಸಬೇಕು. ಆಮೇಲೆ ಒಂದು ತಪಾಸಣೆ ಪ್ರೋಗ್ರಾಂ ಓಡುತ್ತದೆ. ಐಕಾನಿನ ಅಳತೆ ಸರಿಯೇ, ಹಿನ್ನೆಲೆ ಚಿತ್ರದ ಅಳತೆ ಸರಿಯೇ, ಪರವಾನಗಿ ಬರೆದಿದೆಯೇ, ಎಕ್ಸ್ಎಂಎಲ್ ಎಲ್ಲಾದರೂ ಮುರಿದಿದೆಯೇ, ಭಾಷಾ ಫೈಲು ತನ್ನ ಜಾಗದಲ್ಲಿದೆಯೇ ಎಂದು ನೋಡುತ್ತದೆ. ಮನುಷ್ಯರೊಬ್ಬರು ಕಣ್ಣಾಡಿಸುತ್ತಾರೆ. ಒಪ್ಪಿಗೆಯಾದರೆ ಮಿರರ್ ಸರ್ವರುಗಳಿಗೆ ಹೋಗುತ್ತದೆ. ಜಗತ್ತಿನ ಎಲ್ಲ ಪೆಟ್ಟಿಗೆಗಳೂ ಆಗಾಗ ಆಡ್‌ಆನ್ ಪಟ್ಟಿಯ ಚೆಕ್‌ಸಮ್ ಹೋಲಿಸಿ ನೋಡಿ, ಬದಲಾಗಿದ್ದರೆ ಹೊಸತನ್ನು ಇಳಿಸಿಕೊಳ್ಳುತ್ತವೆ. ಅಚ್ಚುಕಟ್ಟಾದ ವ್ಯವಸ್ಥೆ, ಸಂಶಯವಿಲ್ಲ. ಆದರೆ ಪರದೆಯ ಮೇಲೆ ಲ್ಯಾಟಿನ್ ಅಲ್ಲದ ಅಕ್ಷರ ಮೂಡುತ್ತದೆಯೇ ಎಂದು ಈ ಸಾಲಿನಲ್ಲಿ ಎಲ್ಲಿಯೂ ಯಾರೂ ಕೇಳುವುದಿಲ್ಲ. ಚೌಕಿಯಲ್ಲಿ ಕೇದಗೆ ಮುಂದಲೆ ಬಿಗಿಯಾಗಿದೆಯೇ, ಬಣ್ಣ ಸರಿಯಾಗಿದೆಯೇ ಎಂದು ನೋಡಿ, ಅರ್ಥ ಹೇಳಲು ಬರುತ್ತದೆಯೇ ಎಂದು ಕೇಳದೆ ವೇಷವನ್ನು ರಂಗಕ್ಕೆ ಬಿಟ್ಟ ಹಾಗಾಯಿತು ಇದು.

ಇದರ ಗುಟ್ಟು ಇರುವುದು ಫಾಂಟ್.ಎಕ್ಸ್ಎಂಎಲ್ ಎಂಬ ಒಂದು ಫೈಲಿನಲ್ಲಿ. ಸ್ಕಿನ್ ವಿಮರ್ಶೆ ಬರೆಯುವ ಯಾರೂ ಅದನ್ನು ತೆರೆದಂತೆ ಕಾಣುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದರಲ್ಲಿ ಫಾಂಟ್‌ಸೆಟ್ ಎಂಬ ಕಂತೆಗಳಿರುತ್ತವೆ. ಮೊದಲನೆಯದರ ಹೆಸರು ಸಾಮಾನ್ಯವಾಗಿ ಡಿಫಾಲ್ಟ್. ಕರ್ತೃ ತನ್ನ ಸೌಂದರ್ಯಪ್ರಜ್ಞೆಯನ್ನೆಲ್ಲ ಸುರಿಯುವುದು ಅಲ್ಲಿ: ತೆಳ್ಳಗಿನದು, ದಪ್ಪದ್ದು, ಶೀರ್ಷಿಕೆಗೆ ಬೇರೆ, ಗಡಿಯಾರಕ್ಕೆ ಬೇರೆ. ಎರಡನೆಯದು ಏರಿಯಲ್, ಅದರ ಪಕ್ಕದಲ್ಲಿ ‘ಯೂನಿಕೋಡ್ ಇದೆ’ ಎಂಬ ಗುರುತು. ಬಳಕೆದಾರ ಆರಿಸಿದ ಭಾಷೆಯ ಫೈಲು ‘ನನಗೆ ಯೂನಿಕೋಡ್ ಫಾಂಟ್ ಬೇಕು’ ಎಂದರೆ, ಕೋಡಿ ಡಿಫಾಲ್ಟನ್ನು ಬಿಟ್ಟು ಈ ಗುರುತು ಹೊತ್ತ ಮೊದಲ ಕಂತೆಗೆ ಜಾರುತ್ತದೆ. ಅಂದರೆ ಕರ್ತೃ ತಾನೇ ಮೆಚ್ಚಿ ಆರಿಸಿದ ಅಕ್ಷರವನ್ನು ಇಂಗ್ಲಿಷ್, ಜರ್ಮನ್ ಓದುವವರು ನೋಡುತ್ತಾರೆ. ನಮ್ಮಂಥವರಿಗೆ ಸಿಗುವುದು ಅವನು ಕಾಟಾಚಾರಕ್ಕೆ ಇಟ್ಟದ್ದು.

ಕಾಟಾಚಾರ ಎಂದು ಸುಮ್ಮನೆ ಅಂದದ್ದಲ್ಲ. ನಾನು ತೆರೆದು ನೋಡಿದ ಬಹುಪಾಲು ಸ್ಕಿನ್‌ಗಳಲ್ಲಿ ಏರಿಯಲ್ ಕಂತೆ ಡಿಫಾಲ್ಟಿನ ನಕಲು. ಫಾಂಟ್ ಫೈಲಿನ ಹೆಸರು ಮಾತ್ರ ಬದಲು, ಅಳತೆ ಅದೇ, ಸಾಲುಗಳ ನಡುವಿನ ಅಂತರವೂ ಅದೇ. ಲ್ಯಾಟಿನ್ ಅಕ್ಷರಕ್ಕೆ ಸಾಲನ್ನು ಒತ್ತಿ ಕೂರಿಸಿದರೆ ತೊಂದರೆಯಿಲ್ಲ. ಅದರ ಕೆಳಗೆ ಇಳಿಯುವುದು ಒಂದೆರಡು ಬಾಲ ಅಷ್ಟೆ. ‘ಕೃಷ್ಣ’ನಿಗೆ ವಟ್ರಸುಳಿಯೂ ಬೇಕು, ಣಕಾರದ ಒತ್ತೂ ಬೇಕು. ‘ಸ್ತ್ರೀ’ ಎಂದು ಬರೆದರೆ ಒಂದಕ್ಕೆ ಎರಡು ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಪಕ್ಕದಲ್ಲಿ. ಕಥಾಸಾರ ತೋರಿಸುವ ಚೌಕದಲ್ಲಿ ಸಾಲಿನ ಅಂತರವನ್ನು ಒಂದಕ್ಕಿಂತ ಕಡಿಮೆ ಮಾಡಿದ ಸ್ಕಿನ್ ಹಾಕಿ ನೋಡಿ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಓದಲು ಆಗುತ್ತದೆ, ಆದರೆ ಸೋಫಾದ ಮೇಲೆ ಕೂತು ಹತ್ತಡಿ ದೂರದಿಂದ ಆಗುವುದಿಲ್ಲ. ಟಿವಿ ನೋಡುವುದು ಅಲ್ಲಿಂದಲೇ ತಾನೆ?

ಇನ್ನೂ ಒಂದಿದೆ. ಸ್ಕಿನ್ ಕೇಳಿದ ಹೆಸರಿನ ಅಕ್ಷರ ಕಂತೆಯಲ್ಲಿ ಇಲ್ಲದಿದ್ದರೆ ಕೋಡಿ ಹೇಳದೆ ಕೇಳದೆ ಫಾಂಟ್13 ಎಂಬುದನ್ನು ತಂದು ಹಾಕುತ್ತದೆ. ಆದ್ದರಿಂದ ಏರಿಯಲ್ ಕಂತೆಯಲ್ಲಿ ನಾಲ್ಕು ಹೆಸರು ಬಿಟ್ಟುಹೋದರೂ ಪರದೆ ಒಡೆಯುವುದಿಲ್ಲ, ತಪಾಸಣೆಗೂ ತಿಳಿಯುವುದಿಲ್ಲ. ದೊಡ್ಡ ಶೀರ್ಷಿಕೆ ಇರಬೇಕಾದಲ್ಲಿ ಸಣ್ಣ ಅಕ್ಷರ ಬಂದು ಕೂರುತ್ತದೆ, ಅಷ್ಟೆ. ತಪ್ಪನ್ನು ಮುಚ್ಚುವ ಈ ಸೌಜನ್ಯವೇ ತಪ್ಪನ್ನು ವರ್ಷಗಟ್ಟಲೆ ಉಳಿಸಿದೆ.

ಶೀರ್ಷಿಕೆಗಳನ್ನೆಲ್ಲ ದೊಡ್ಡಕ್ಷರ ಮಾಡುವ ಚಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇಂಗ್ಲಿಷಿನಲ್ಲಿ ಅದರಿಂದ ಮೆನುವಿಗೂ ವಿಷಯಕ್ಕೂ ಭೇದ ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಭೇದ ಪೂರ್ತಿ ಅಳಿಸಿಹೋಗುತ್ತದೆ. ಎ ಇಂದ ಝಡ್‌ವರೆಗೆ ಹಾರಲು ಪಕ್ಕದಲ್ಲಿ ಪಟ್ಟಿ ಕೊಡುವ ಸ್ಕಿನ್‌ಗಳದ್ದೂ ಇದೇ ಹಾಡು.

ಇಲ್ಲಿ ಒಂದು ಸಮಜಾಯಿಷಿ ಬರುತ್ತದೆ: ಅಕ್ಷರ ಕೂಡಿಸುವುದು ಸ್ಕಿನ್‌ನ ಕೆಲಸವಲ್ಲ, ಕೋಡಿಯದು. ಅರ್ಧ ನಿಜ. ಬಹುಕಾಲ ಕೋಡಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ‘ಕೃಷ್ಣಾರ್ಜುನ’ದ ಅರ್ಕಾವೊತ್ತು ರಕಾರವಾಗಿ, ತಲೆಯ ಮೇಲೆ ಒಂದು ಕೊಂಬು ಹೊತ್ತು, ಜಕಾರದ ಮುಂದೆ ನಿಲ್ಲುತ್ತಿತ್ತು. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅದರೊಳಗೆ ಸೇರಿದ್ದು ತೀರಾ ತಡವಾಗಿ. ಆದರೆ ಸೇರಿದ ಮೇಲೂ ಸ್ಕಿನ್ ಕೊಡುವ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಜೋಡಿಸುವುದು ಏನನ್ನು? ಪರವಾನಗಿಯ ನೆಪವೂ ನಡೆಯದು. ಲೋಹಿತ್ ಕನ್ನಡ, ನೋಟೊ ಸಾನ್ಸ್ ಕನ್ನಡ ಎರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಸಿಗುತ್ತವೆ.

ಎರಡನೇ ಸಮಜಾಯಿಷಿ ಇನ್ನೂ ಜಾಣತನದ್ದು: ಕನ್ನಡದವರೇ ಫೈಲುಗಳಿಗೆ ಇಂಗ್ಲಿಷಿನಲ್ಲಿ ಹೆಸರಿಡುತ್ತಾರೆ, ದೂರು ಹೇಳುವವರು ಎಲ್ಲಿದ್ದಾರೆ? ಹೌದು, ನಾನು ಹೇಳಿದ ಆ ಡಿಸ್ಕುಗಳಲ್ಲೂ ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಮಧ್ಯೆ ಅಡ್ಡಗೆರೆ ಹಾಕಿ, ಕೊನೆಗೆ ಒಂದು ಎರಡು ಎಂದು. ಆದರೆ ಕನ್ನಡದಲ್ಲಿ ಹೆಸರಿಟ್ಟಾಗ ಅಕ್ಷರದ ಬದಲು ಖಾಲಿ ಡಬ್ಬಿ ಕಂಡು ಕೈಬಿಟ್ಟವರು ಹಾಗೆ ಮಾಡುತ್ತಾರೆ. ಡಬ್ಬಿ ತೋರಿಸಿದವರೇ ಅದನ್ನು ಪುರಾವೆ ಎಂದು ಎತ್ತಿ ಹಿಡಿಯುವುದು ಎಲ್ಲಿಯ ನ್ಯಾಯ?

ಈಗ ಇನ್ನೊಂದು ಪಂಗಡದವರ ಹತ್ತಿರ ಮಾತಾಡಬೇಕು. ಇವರೂ ಅಧಿಕೃತ ರೆಪೊಸಿಟರಿಯನ್ನು ಬೈಯುತ್ತಾರೆ, ಆದರೆ ಕಾರಣ ತಿರುಗುಮುರುಗು. ನಿಯಮ ಹೆಚ್ಚಾಯಿತು, ಕಲೆಗೆ ಉಸಿರು ಕಟ್ಟಿತು, ಪ್ರತಿಭಾವಂತರೆಲ್ಲ ತಮ್ಮದೇ ರೆಪೊಸಿಟರಿ ಕಟ್ಟಿಕೊಂಡು ಹೊರಗೆ ಹೋದರು ಎಂಬುದು ಇವರ ವಾದ. ನಿಯಮಗಳನ್ನು ಮೇಲೆ ಹೇಳಿದ್ದೇನೆ. ಐಕಾನಿನ ಅಳತೆ ಸರಿ ಇಡು ಎಂದರೆ ಯಾವ ಕಲಾವಿದನ ಉಸಿರು ಕಟ್ಟುತ್ತದೆ? ಹೊರಗೆ ಹೋದವರ ಸ್ಕಿನ್ ಬೇಕೆಂದರೆ ಬಳಕೆದಾರ ‘ಅಪರಿಚಿತ ಮೂಲ’ಗಳಿಗೆ ಬಾಗಿಲು ತೆರೆಯಬೇಕು, ಎಲ್ಲಿಂದಲೋ ಜಿಪ್ ಫೈಲು ತರಬೇಕು, ಒಳಗೆ ಏನಿದೆ ಎಂದು ನೋಡುವವರಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಆವೃತ್ತಿ ಬದಲಾದಾಗ. 2021ರ ಫೆಬ್ರವರಿಯಲ್ಲಿ ಹತ್ತೊಂಬತ್ತನೇ ಆವೃತ್ತಿ ‘ಮೇಟ್ರಿಕ್ಸ್’ ಬಂದು ಪೈಥಾನ್ 2ನ್ನು ಕೈಬಿಟ್ಟಿತು. ಸ್ಕಿನ್ ಬರೀ ಎಕ್ಸ್ಎಂಎಲ್ ಆದರೂ ಮೆನು ಜೋಡಿಸಲು ಪೈಥಾನ್ ಸ್ಕ್ರಿಪ್ಟುಗಳ ಹೆಗಲು ಬೇಕು. ಹೆಗಲು ಕಳಚಿತು. ಕರ್ತೃ ಒಬ್ಬನೇ ನಡೆಸುವ ರೆಪೊಸಿಟರಿಯಲ್ಲಿ, ಅವನಿಗೆ ಬೇಸರ ಬಂದರೆ ಕತೆ ಮುಗಿಯಿತು. ಅಧಿಕೃತ ಭಂಡಾರದಲ್ಲಿ ಕನಿಷ್ಠ ಆವೃತ್ತಿಗೊಂದು ಶಾಖೆ ಇದೆ, ಹೊಂದದ ಸ್ಕಿನ್ ಪಟ್ಟಿಯಲ್ಲೇ ಕಾಣಿಸುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಆವೃತ್ತಿ ಸಂಖ್ಯೆಯನ್ನು ಪರೀಕ್ಷಿಸಬಲ್ಲವರು ಅಕ್ಷರವನ್ನೂ ಪರೀಕ್ಷಿಸಬಲ್ಲರು. ನಿಯಮ ಹೆಚ್ಚಾಯಿತು ಎಂಬವರಿಗೆ ನನ್ನ ಉತ್ತರ: ಒಂದು ಕಡಿಮೆ ಬಿದ್ದಿದೆ.

ಯಾರೂ ಹೊಗಳದ ಎರಡು ಸ್ಕಿನ್‌ಗಳ ಬಗ್ಗೆ ಒಂದು ಮಾತು. 2017ರವರೆಗೆ ಕೋಡಿಯ ಜೊತೆಗೇ ಬರುತ್ತಿದ್ದ ಕಾನ್‌ಫ್ಲುಯೆನ್ಸ್ ಮತ್ತು ಆಮೇಲೆ ಆ ಜಾಗಕ್ಕೆ ಬಂದ ಎಸ್ಟುವರಿ. ಪಟ್ಟಿ ಮಾಡುವವರು ಇವನ್ನು ‘ಸಾದಾ’ ಎಂದು ತಳ್ಳಿಹಾಕುತ್ತಾರೆ. ಎಸ್ಟುವರಿಯ ಅಗಲ ಪಟ್ಟಿಯ ನೋಟದಲ್ಲಿ ನಮ್ಮ ಡಿಸ್ಕನ್ನು ತೆರೆದರೆ ಒಂದು ಪ್ರಸಂಗಕ್ಕೆ ಒಂದು ಸಾಲು, ಎಡದಿಂದ ಬಲದವರೆಗೆ ಹೆಸರಿಗೇ ಜಾಗ. ಪೋಸ್ಟರ್ ಇಲ್ಲದ್ದು ಗೊತ್ತೇ ಆಗುವುದಿಲ್ಲ. ಆದರೆ ಅದರ ಡಿಫಾಲ್ಟ್ ಕಂತೆಯಲ್ಲಿರುವ ನೋಟೊ ಸಾನ್ಸ್ ಫೈಲಿನಲ್ಲಿಯೂ ಕನ್ನಡ ಇಲ್ಲ, ಕನ್ನಡದ್ದು ಬೇರೆಯೇ ಫೈಲು. ಎಸ್ಟುವರಿ ಇರುವುದು ಕೋಡಿಯ ಮೂಲ ಆಕರದ ಒಳಗೇ. ಸ್ಕಿನ್ ಭಂಡಾರದ ತಪಾಸಣೆಗೆ ಅದು ಹೋಗುವುದೂ ಇಲ್ಲ. ಹಾಗಾಗಿ ನಮ್ಮ ಕಡೆಯ ಹುಡುಗರು ಯಾರಾದರೂ ಪುಲ್ ರಿಕ್ವೆಸ್ಟ್ ಕಳಿಸುವುದಾದರೆ ಹನ್ನೊಂದನೇ ‘ಅತ್ಯುತ್ತಮ ಸ್ಕಿನ್’ ಕಟ್ಟಿ ಕಳಿಸುವುದು ಬೇಡ. ಎಸ್ಟುವರಿಯ ಫಾಂಟ್.ಎಕ್ಸ್ಎಂಎಲ್‌ಗೆ ಮೂರನೇ ಕಂತೆಯೊಂದನ್ನು ಸೇರಿಸಿ, ನೋಟೊ ಸಾನ್ಸ್ ಕನ್ನಡವನ್ನು ಜೊತೆಗಿಟ್ಟು, ಸಾಲಿನ ಅಂತರವನ್ನು ಒತ್ತಕ್ಷರಕ್ಕೆ ತಕ್ಕಂತೆ ಸಡಿಲಿಸಿ, ‘ಕೃಷ್ಣಾರ್ಜುನ ಕಾಳಗ’ದ ಸ್ಕ್ರೀನ್‌ಶಾಟ್ ಸಮೇತ ಕಳಿಸಲಿ.