ಉಪವಾಸದ ಊರಿನಲ್ಲಿ ಊಟ

ಪರವೂರಿಗೆ ಹೋದ ವೀಗನ್ ಪ್ರಯಾಣಿಕರು ಇಳಿದೊಡನೆ ಫೋನಿನ ನಕ್ಷೆಯಲ್ಲಿ ‘ವೀಗನ್’ ಎಂದು ಬರೆದು ಹುಡುಕುತ್ತಾರೆ. ಬರ್ಲಿನ್ನಿನಂಥ ನಗರದಲ್ಲಿ ಈ ಉಪಾಯ ಚೆನ್ನಾಗಿಯೇ ಫಲಿಸುತ್ತದೆ. ಆದರೆ ಹಾಲು, ಬೆಣ್ಣೆ, ಮೊಟ್ಟೆ ಮುಟ್ಟದ ಅಡುಗೆ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ನೋಡುವ ಆಸೆಯುಳ್ಳವರು ಇನ್ನೊಂದು ಮಾತನ್ನು ಕಲಿತು ಹೊರಡಬೇಕು: ಆ ಊರಿನವರು ಉಪವಾಸಕ್ಕೆ ಏನೆನ್ನುತ್ತಾರೆ ಎಂಬುದನ್ನು. ‘ವೀಗನ್’ ಎಂಬ ಪದ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಯವರ ನಡುವೆ ಹುಟ್ಟಿದ್ದು 1944ರಲ್ಲಿ. ಇಥಿಯೋಪಿಯಾದ ಒಲೆ, ಗ್ರೀಸಿನ ಬೇಕರಿ ಅದಕ್ಕೆ ನೂರಾರು ವರ್ಷ ಮೊದಲೇ ಹೆಚ್ಚುಕಡಿಮೆ ಅದೇ ಕಟ್ಟಳೆಗೆ ಒಗ್ಗಿಕೊಂಡಿದ್ದವು. ಯಾವ ಪದಾರ್ಥ ಬಿಡಬೇಕು ಎಂಬ ಲೆಕ್ಕ ಅಲ್ಲಿ ಎಂದೋ ಮುಗಿದಿದೆ. ಉಳಿದದ್ದನ್ನು ಹೇಗೆ ರುಚಿಗಟ್ಟಿಸಬೇಕು ಎಂಬುದರಲ್ಲೇ ಅಡುಗೆಯವರ ತಲೆಮಾರುಗಳು ಕಳೆದಿವೆ.

ಅಡಿಸ್ ಅಬಾಬಾದಿಂದಲೇ ಶುರುಮಾಡೋಣ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಈಸ್ಟರಿಗೆ ಮುಂಚೆ 55 ದಿನಗಳ ದೊಡ್ಡ ಉಪವಾಸ. ನಡುವೆ ಇನ್ನೂ ಹಲವು. ಸಾಮಾನ್ಯ ಭಕ್ತರಿಗೇ ವರ್ಷದಲ್ಲಿ ಸುಮಾರು 180 ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಇಲ್ಲ. ಹೋಟೆಲಿನಲ್ಲಿ ‘ಯೆತ್ಸೋಮ್ ಬೆಯೈನೆತು’ ಎಂದರೆ ಸಾಕು. ‘ತ್ಸೋಮ್’ ಎಂದರೆ ಉಪವಾಸ, ಅರಬ್ಬಿಯ ‘ಸೌಮ್’ನ ದಾಯಾದಿ ಪದ, ‘ಬೆಯೈನೆತು’ ಎಂದರೆ ಬಗೆಬಗೆಯದು. ಅಗಲವಾದ ಇಂಜೆರಾದ ಮೇಲೆ ಗುಪ್ಪೆಗುಪ್ಪೆಯಾಗಿ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟು, ನಡುವೆ ಕಡಲೆಹಿಟ್ಟನ್ನು ಬೆರ್ಬೆರೆ ಮಸಾಲೆಯೊಂದಿಗೆ ಕುದಿಸಿದ ಶಿರೋ. ಇಂಜೆರಾ ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ ಹೊಯ್ದದ್ದು. ಮೈತುಂಬ ಕಣ್ಣು ಬಿದ್ದಿರಬೇಕು, ಮುರಿದರೆ ಎಳೆಯಬಾರದು, ಹುಳಿ ನಾಲಿಗೆಯ ಅಂಚಿಗೆ ತಾಗಿ ನಿಲ್ಲಬೇಕು. ದೋಸೆ ತಿಂದು ಬೆಳೆದ ಬಾಯಿಗೆ ಈ ಪರೀಕ್ಷೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇರೆ ದಿನಗಳಲ್ಲಿ ಇದೇ ಶಿರೋಗೆ ಮಸಾಲೆ ಹಾಕಿ ಕಾಸಿದ ಬೆಣ್ಣೆ, ಅವರ ‘ನಿತೆರ್ ಕಿಬ್ಬೆ’, ಬೀಳಬಹುದು. ಹಾಗಾಗಿ ಭಾನುವಾರ ಮಾಂಸವಿಲ್ಲದ್ದು ಕೊಡಿ ಎಂದರೆ ಸಾಲದು, ಯೆತ್ಸೋಮ್ ಎಂದೇ ಕೇಳಬೇಕು. ಬೆಣ್ಣೆ ಇಲ್ಲದ ದಿನ ಈರುಳ್ಳಿಯನ್ನು ಇನ್ನಷ್ಟು ಹೊತ್ತು ಸಣ್ಣ ಉರಿಯಲ್ಲಿ ಬಾಡಿಸುತ್ತಾರೆ. ಸಾರಿನ ಮೈ ಅದರಿಂದಲೇ ಗಟ್ಟಿಯಾಗುತ್ತದೆ.

ಆ ತಟ್ಟೆಯಲ್ಲಿ ಕನ್ನಡಿಗರಿಗೆ ನೆಂಟಸ್ತಿಕೆಯೂ ಇದೆ. ಅಲ್ಲಿನ ಉಪವಾಸದ ಅಡುಗೆಯನ್ನು ಎತ್ತಿಹಿಡಿಯುವುದು ಎಣ್ಣೆಕಾಳುಗಳು: ನೂಗ್, ತೆಲ್ಬಾ, ಸೂಫ್. ನಮ್ಮ ಮಾತಿನಲ್ಲಿ ಹುಚ್ಚೆಳ್ಳು, ಅಗಸೆ, ಕುಸುಬೆ. ಹುಚ್ಚೆಳ್ಳಿನ ತವರೇ ಇಥಿಯೋಪಿಯಾದ ಎತ್ತರದ ನೆಲ. ಅದರ ಶಾಸ್ತ್ರೀಯ ಹೆಸರಿನ ಕೊನೆಯಲ್ಲಿರುವ ‘ಅಬಿಸಿನಿಕಾ’ ಆ ಊರಿನದೇ ಗುರುತು. ಕುಸುಬೆಯನ್ನು ಬೇಯಿಸಿ, ಅರೆದು, ಹಿಂಡಿ, ಆ ಬಿಳಿ ಹಾಲಿನಲ್ಲಿ ಇಂಜೆರಾದ ಚೂರುಗಳನ್ನು ನೆನೆಸಿ ಮಾಡುವ ‘ಸೂಫ್ ಫಿತ್‌ಫಿತ್’ ನನ್ನ ಮಟ್ಟಿಗೆ ಅಲ್ಲಿನ ಉಪವಾಸದ ಅತ್ಯಂತ ನವಿರಾದ ತಿನಿಸು. ಉತ್ತರ ಕರ್ನಾಟಕದ ಕುಸುಬಿ ಹಾಲಿನ ಹುಗ್ಗಿ ಉಂಡವರಿಗೆ ಈ ಹಾಲಿನ ಹದ ಗೊತ್ತು. ಸಸ್ಯದ ಹಾಲು ಪೆಟ್ಟಿಗೆಯಲ್ಲಿ ಬಂದ ಹೊಸ ಸರಕೆಂದು ತಿಳಿದವರು ಈ ಎರಡು ಬಟ್ಟಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಬೇಕರಿಯ ಮಾತು ಇನ್ನೂ ಕಠಿಣ. ಸಾರಿಗೆ ಬೆಣ್ಣೆ ಬರೀ ರುಚಿ. ಬೇಕರಿಯಲ್ಲಿ ಬೆಣ್ಣೆ, ಮೊಟ್ಟೆ ಕಟ್ಟಡದ ಕಂಬಗಳು. ಕ್ರೊಸಾಂಟಿನ ಪದರಗಳು ಬಿಡಿಬಿಡಿಯಾಗುವುದು ತಣ್ಣಗಿದ್ದಾಗ ಬೆಣ್ಣೆ ಮುರಿಯದೆ ಬಾಗುವುದರಿಂದ. ಅದು ಬಾಯಲ್ಲಿ ಕರಗುವುದು ಬೆಣ್ಣೆ ಮೈಶಾಖಕ್ಕಿಂತ ಕೆಳಗೇ ಕರಗುವುದರಿಂದ. ಇವೆರಡನ್ನೂ ಒಟ್ಟಿಗೆ ಕೊಡುವ ಸಸ್ಯದ ಕೊಬ್ಬು ಸುಲಭಕ್ಕೆ ಸಿಗದು. ಅಥೆನ್ಸಿನ ಉಪವಾಸದ ಬೇಕರಿ ಈ ಪಂದ್ಯಕ್ಕೇ ಇಳಿಯಲಿಲ್ಲ. ಅದು ಆಲಿವ್ ಎಣ್ಣೆ, ಎಳ್ಳು ಕೇಳುವ ಹಿಟ್ಟನ್ನೇ ಕಲಸಿತು. ಎಳ್ಳಿನ ತಾಹಿನಿಯನ್ನೂ ದಾಲ್ಚಿನ್ನಿಯನ್ನೂ ಸವರಿ ಸುರುಳಿ ಸುತ್ತಿದ ‘ತಾಹಿನೋಪಿತಾ’, ದ್ರಾಕ್ಷಿರಸ ಕಲಸಿದ ‘ಮುಸ್ತೊಕುಲುರಾ’, ದೊಡ್ಡ ಉಪವಾಸದ ಮೊದಲ ದಿನವಾದ ‘ಶುದ್ಧ ಸೋಮವಾರ’ಕ್ಕೆಂದೇ ಸುಡುವ, ಬೆರಳಿನಿಂದ ಗುಳಿ ಒತ್ತಿ ಎಳ್ಳು ಚೆಲ್ಲಿದ ಚಪ್ಪಟೆ ರೊಟ್ಟಿ ‘ಲಗಾನಾ’. ರವೆಯ ಹಲ್ವಕ್ಕೆ ಅಲ್ಲಿನ ಮನೆಮನೆಯ ಲೆಕ್ಕ ಒಂದು, ಎರಡು, ಮೂರು, ನಾಲ್ಕು: ಎಣ್ಣೆ ಒಂದಳತೆ, ರವೆ ಎರಡು, ಸಕ್ಕರೆ ಮೂರು, ನೀರು ನಾಲ್ಕು. ನಮ್ಮ ಸಜ್ಜಿಗೆಯ ಜಾಯಮಾನವೇ, ತುಪ್ಪದ ಜಾಗದಲ್ಲಿ ಆಲಿವ್ ಎಣ್ಣೆ. ಕೆಂಪಗೆ ಹುರಿದ ರವೆಗೆ ಆ ಎಣ್ಣೆಯ ತುಸು ಕಹಿ ಸೇರಿದಾಗ ತುಪ್ಪದ ನೆನಪು ಬರುವುದಿಲ್ಲ. ‘ನಿಸ್ತೀಸಿಮೋ’, ಅಂದರೆ ಉಪವಾಸಕ್ಕೆ ಸಲ್ಲುವಂಥದ್ದು, ಎಂದು ಕೇಳಿದರೆ ಯಾವ ಬೇಕರಿಯವರೂ ಹುಬ್ಬೇರಿಸುವುದಿಲ್ಲ.

ಉಪವಾಸ ದೇವರಿಗಾಗಿ, ವೀಗನ್ ವ್ರತ ಪ್ರಾಣಿಗಳಿಗಾಗಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಬಹುದೇ ಎಂಬ ಆಕ್ಷೇಪ ಬರುತ್ತದೆ. ಬರಬೇಕಾದ್ದೇ. ಉದ್ದೇಶ ಬೇರೆಯಾದಾಗ ಅಂಚಿನಲ್ಲಿ ಕಟ್ಟಳೆಯೂ ಬೇರೆಯಾಗುತ್ತದೆ. ಗ್ರೀಕರ ಉಪವಾಸದಲ್ಲಿ ರಕ್ತವಿಲ್ಲದ್ದೆಂದು ಆಕ್ಟೋಪಸ್, ಸಿಗಡಿ, ಚಿಪ್ಪುಜೀವಿಗಳು ನಡೆಯುತ್ತವೆ. ಲಗಾನಾದ ಜೊತೆ ಬರುವ ‘ತರಮಸಲಾತಾ’ ಮೀನಿನ ಮೊಟ್ಟೆಯದು. ಜೇನು ಧಾರಾಳವಾಗಿ ಬೀಳುತ್ತದೆ. ಈ ಮೂರನ್ನು ಕೇಳಿ ತಿಳಿಯದೆ ಅಥೆನ್ಸಿನಲ್ಲಿ ತುತ್ತೆತ್ತಬಾರದು. ಆದರೆ ಇವನ್ನು ಬಿಟ್ಟರೂ ಅಲ್ಲಿ ಉಳಿಯುವ ರಾಶಿ ಸಣ್ಣದಲ್ಲ. ಉಪವಾಸದ ಊಟ ಸಪ್ಪೆ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮಠ ಸಂಯಮ ಬೇಡಿತು ನಿಜ. ಒಲೆಯ ಮುಂದೆ ನಿಂತ ಹೆಂಗಸರು ವರ್ಷದ ಅರ್ಧ ದಿನ ಮಕ್ಕಳಿಗೂ ಮುದುಕರಿಗೂ ಅದನ್ನೇ ಬಡಿಸಬೇಕಿತ್ತು, ಸಪ್ಪೆಯಾದರೆ ನಡೆಯುತ್ತಿರಲಿಲ್ಲ. ಹೊಸ ವೀಗನ್ ಅಂಗಡಿಗಳ ಸಾಧನೆಯನ್ನೂ ಅಲ್ಲಗಳೆಯಬೇಕಿಲ್ಲ. 2014ರಲ್ಲಿ ಫ್ರಾನ್ಸಿನ ಜೊಯೆಲ್ ರೊಸೆಲ್ ಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆಂದು ತೋರಿಸಿದರು. ಮರುವರ್ಷ ಅದಕ್ಕೆ ‘ಅಕ್ವಾಫಾಬಾ’ ಎಂಬ ಹೆಸರು ಬಂತು. ಸಾವಿರ ವರ್ಷ ಕಾಳು ಬೇಯಿಸಿದ ಉಪವಾಸದ ಅಡುಗೆಮನೆಗಳು ಕಟ್ಟದ ಮೆರಿಂಗನ್ನು ಈ ನೀರು ಕಟ್ಟಿಕೊಟ್ಟಿತು. ಮೆರಿಂಗ್ ಬೇಕೆನಿಸಿದ ದಿನ ಹೊಸ ಅಂಗಡಿಗೇ ಹೋಗಬೇಕು. ಆದರೆ ಚೀಸಿನಂತೆ ತೋರುವ ಚೀಸು, ಬೆಣ್ಣೆಯಂತೆ ತೋರುವ ಬೆಣ್ಣೆ ಎಲ್ಲ ಊರಿನಲ್ಲೂ ಒಂದೇ ರುಚಿ. ಅದನ್ನು ತಿನ್ನಲು ಅಷ್ಟು ದೂರ ಹೋಗಬೇಕಿಲ್ಲ.

ಈ ಉಪಾಯ ಎಲ್ಲ ಕಡೆ ನಡೆಯದು ಎಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಕರ್ನಾಟಕಕ್ಕೆ ಬಂದ ವೀಗನ್ ಅತಿಥಿ ಉಪವಾಸದ ಫಲಾಹಾರ ಕೇಳಿದರೆ ಸಿಗುವುದು ಹಾಲು, ಮೊಸರು, ಸಬ್ಬಕ್ಕಿ ಪಾಯಸ. ಇಲ್ಲಿ ಹಾಲು ವ್ರತವನ್ನು ಕೆಡಿಸುವುದಿಲ್ಲ. ಉಪವಾಸದ ಊರುಗಳಿಗೆ ಹೋಗುವವರು ಪಂಚಾಂಗವನ್ನೂ ನೋಡಿಕೊಳ್ಳಬೇಕು: ಇಥಿಯೋಪಿಯಾದಲ್ಲಿ ಈಸ್ಟರ್ ಕಳೆದ ಮೇಲೆ 50 ದಿನ ಬುಧವಾರ, ಶುಕ್ರವಾರದ ನೇಮವೂ ಇಲ್ಲ, ಆಗ ಬೆಯೈನೆತು ಸೊರಗುತ್ತದೆ. 2027ರಲ್ಲಿ ಆರ್ಥೊಡಾಕ್ಸ್ ಈಸ್ಟರ್ ಮೇ 2ಕ್ಕೆ. ಅಡಿಸ್ ಅಬಾಬಾದ ದೊಡ್ಡ ಉಪವಾಸ ಮಾರ್ಚ್ 8ಕ್ಕೆ ಶುರು, ಅಥೆನ್ಸಿನ ಶುದ್ಧ ಸೋಮವಾರ ಮಾರ್ಚ್ 15ಕ್ಕೆ. ಒಂದು ವಾರ ಇಂಜೆರಾ ಉಂಡು ವಿಮಾನ ಹತ್ತಿದರೆ, ಆ ಸೋಮವಾರದ ಬಿಸಿ ಲಗಾನಾ ಒಲೆಯಿಂದ ಇಳಿಯುವ ಹೊತ್ತಿಗೆ ಬೇಕರಿಯ ಮುಂದೆ ನಿಂತಿರಬಹುದು.